ಕ್ಯಾತಿಟರ್‌ನಿಂದ ಬಂದದ್ದು ಸೋಂಕೋ, ನಂಜೋ?

ಗೆಳೆಯರೇ,

ಶಿರಸಿಯಿಂದ ಬರೆಯುತ್ತಿದ್ದೇನೆ. ನನ್ನ ಚಿಕ್ಕಪ್ಪನಿಗೆ ರಕ್ತದ ಕ್ಯಾನ್ಸರ್. ಕೀಮೋ ಕೊಡಲು ತೋಳಿನಿಂದ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಒಂದು ಉದ್ದ ನಳಿಗೆ ಹಾಕಿದ್ದರು. ಅದರಿಂದಲೇ ಜ್ವರ ಬಂತು. ಡಿಸ್ಚಾರ್ಜ್ ಚೀಟಿಯಲ್ಲಿ 'ಕ್ಯಾತಿಟರ್ ರಿಲೇಟೆಡ್ ಬ್ಲಡ್‌ಸ್ಟ್ರೀಮ್ ಇನ್ಫೆಕ್ಷನ್' ಎಂದಿದೆ, ಅಂದರೆ ನಳಿಗೆಯ ಮೂಲಕ ರೋಗಾಣು ರಕ್ತಕ್ಕೆ ಸೇರಿದೆ ಎಂದು. ಮನೆಯವರಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಮೊದಲ ಪದಕ್ಕೇ ಎಡವಿದೆ.

ನಮ್ಮಲ್ಲಿ ಕ್ಯಾತಿಟರ್ ಅಂದರೆ ಮೂತ್ರದ ನಳಿಗೆ, ಅಷ್ಟೇ. ಈಗ ಅದೂ ಶುರುವಾಯ್ತಾ ಎಂದು ಅತ್ತೆ ಗಾಬರಿಯಾದರು. ನರ್ಸ್‌ಗಳು 'ಲೈನ್' ಅನ್ನುತ್ತಾರೆ. ಚರ್ಮದ ಕೆಳಗೆ ಕೂರಿಸುವ ಬಗೆಗೆ 'ಪೋರ್ಟ್' ಎಂಬ ಹೆಸರಿದೆ. ಕಾರವಾರದ ಭಾವನಿಗೆ ಪೋರ್ಟ್ ಅಂದರೆ ಬಂದರು, ಬಿಡಿ.

ಇನ್ಫೆಕ್ಷನ್‌ಗೆ 'ಸೋಂಕು' ಎಂದೆ. ಕೊರೊನಾ ಆದ ಮೇಲೆ ಆ ಪದ ಕೇಳಿದರೆ ಸಾಕು, ನೆಂಟರು ಅಂಗಳದಲ್ಲೇ ನಿಲ್ಲುತ್ತಾರೆ. ಇದು ಹಾಗೆ ಒಬ್ಬರಿಂದ ಒಬ್ಬರಿಗೆ ಹರಡುವುದಲ್ಲ. ಎಷ್ಟೋ ಸಲ ರೋಗಿಯ ಚರ್ಮದ ಮೇಲಿನ ಬ್ಯಾಕ್ಟೀರಿಯಾವೇ ನಳಿಗೆ ಹಿಡಿದು ಒಳಗೆ ಹೋಗಿರುತ್ತದೆ. ಕೀಮೋದಿಂದ ಬಿಳಿ ರಕ್ತಕಣ ಕುಸಿದಿರುವಾಗ ಅದನ್ನು ತಡೆಯುವವರಿಲ್ಲ.

ಸರಿ, 'ನಂಜು' ಎಂದೆ. ಚಿಕ್ಕಮ್ಮ ತಕ್ಷಣ, "ತಮಾ, ಹಂಗಾರೆ ಬದನೆಕಾಯಿ ತಿಂಬಲಾಗ ಅಲ್ದಾ?" ಅಂದರು. ಅಂದಿನಿಂದ ಬದನೆಕಾಯಿ ಬಂದ್. ಮುಖ್ಯ ಮಾತು ಅಲ್ಲೇ ಕಳೆದುಹೋಯ್ತು: ಜ್ವರ 100.4 ಡಿಗ್ರಿ ಮುಟ್ಟಿದರೆ, ನಳಿಗೆಗೆ ಸಲೈನ್ ನೀರು ಹಾಯಿಸಿದ ಕೂಡಲೇ ಚಳಿ ನಡುಕ ಬಂದರೆ, ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

'ಕಲ್ಚರ್' ಬಗ್ಗೆಯೂ ಒಂದು ಮಾತು. ರಕ್ತದಲ್ಲಿ ರೋಗಾಣು ಇದೆಯೇ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ ಅದು. ನಳಿಗೆಯಿಂದ ಒಂದು ಬಾಟಲಿ, ಕೈಯ ರಕ್ತನಾಳದಿಂದ ಒಂದು ಬಾಟಲಿ ರಕ್ತ ಒಟ್ಟಿಗೇ ತೆಗೆಯುತ್ತಾರೆ. ಎರಡರಲ್ಲೂ ಒಂದೇ ರೋಗಾಣು ಬೆಳೆದು, ನಳಿಗೆಯದ್ದರಲ್ಲಿ ಕೈಯದ್ದಕ್ಕಿಂತ ಕನಿಷ್ಠ 2 ತಾಸು ಮೊದಲೇ ಕಾಣಿಸಿಕೊಂಡರೆ ನಳಿಗೆಯೇ ಮೂಲ ಎಂದು ಲೆಕ್ಕ. ಹಳೆಯ ನಿಘಂಟಿನ 'ಕೃಷಿ' ಇಲ್ಲಿ ಬೇಡವೇ ಬೇಡ. ಶಿರಸಿಯಲ್ಲಿ ಕೃಷಿ ಅಂದರೆ ಅಡಿಕೆ!

'ಬಯೋಫಿಲ್ಮ್'ಗೆ ಮಾತ್ರ ಪದ ಹುಡುಕಬೇಕಾಗಲಿಲ್ಲ. ಅಡಿಕೆ ದಬ್ಬೆಯಲ್ಲಿ ನೀರು ಹರಿದು ಹರಿದು ಒಳಗೆ ಲೋಳೆ ಕಟ್ಟುತ್ತದಲ್ಲ, ಬೆರಳಿಟ್ಟರೆ ಜಾರುವಂಥದ್ದು? ಎಷ್ಟು ನೀರು ಬಿಟ್ಟರೂ ಅದು ಹೋಗದು. ರೋಗಾಣುಗಳು ನಳಿಗೆಯೊಳಗೆ ಕಟ್ಟುವ ಲೋಳೆಯೂ ಹಾಗೇ, ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಅದಕ್ಕೇ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅಥವಾ ಕ್ಯಾಂಡಿಡಾ ಎಂಬ ಶಿಲೀಂಧ್ರ ಸಿಕ್ಕರೆ ಸಾಮಾನ್ಯವಾಗಿ ನಳಿಗೆಯನ್ನೇ ತೆಗೆಯುತ್ತಾರೆ. ಕಡಿಮೆ ಉಪದ್ರವದ ರೋಗಾಣುವಾದರೆ ಕೆಲವೊಮ್ಮೆ ಉಳಿಸಿಕೊಂಡು, ಒಳಗೆ ಮದ್ದು ತುಂಬಿ ತಾಸುಗಟ್ಟಲೆ ಹಾಗೇ ಬಿಡುತ್ತಾರೆ. ಇದು 'ಲಾಕ್'. 'ಬೀಗ ಚಿಕಿತ್ಸೆ' ಅಂದರೆ ನಗು ಬರುತ್ತದೆ. ನಾನು 'ತುಂಬಿಡುವ ಮದ್ದು' ಎಂದಿದ್ದೇನೆ.

ಒಟ್ಟು ಹೆಸರಿಗೆ ಸದ್ಯ 'ನಳಿಗೆಯಿಂದ ರಕ್ತಕ್ಕೆ ಏರಿದ ನಂಜು' ಎಂದು ಬರೆದಿದ್ದೇನೆ. ಉದ್ದವಾಯ್ತು, ಬದನೆಕಾಯಿಯ ಕಾಟವೂ ತಪ್ಪಿಲ್ಲ. ಕುಮಟಾ, ಅಂಕೋಲಾ ಕಡೆಯವರು ನಂಜು ಅಂದಾಗ ಪಥ್ಯವನ್ನೇ ನೆನೆಯುತ್ತಾರಾ? ನಳಿಗೆಗೆ ನಿಮ್ಮಲ್ಲಿ ಬೇರೆ ಹೆಸರಿದೆಯಾ? ಚಿಕ್ಕಪ್ಪ ಅದನ್ನು 'ಬಾಲ' ಅನ್ನುತ್ತಿದ್ದ. ಚೀಟಿಯಲ್ಲಿ ಅದನ್ನೇ ಬರೆಯಲಾಗುವುದಿಲ್ಲ, ಅಲ್ವಾ?