ಗೆಳತಿಯ ನಿಧಾನದ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕಲಿ?

ಪ್ರಶ್ನೆ: ನನ್ನ ಗೆಳತಿ ಸರ್ಕಾರಿ ಶಾಲೆಯಲ್ಲಿ ಟೀಚರ್. ಅವಳ ಲ್ಯಾಪ್‌ಟಾಪ್ ಹಳೆಯದು: ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದರೆ ಕಾಯುತ್ತಾ ಕೂರಬೇಕು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಪ್ರಿಂಟ್ ತೆಗೆಯುವುದು, ಯೂಟ್ಯೂಬ್, ವಾಟ್ಸಾಪ್ ವೆಬ್, ಇಷ್ಟೇ ಬಳಕೆ. ಲಿನಕ್ಸ್ (ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ) ಮುಟ್ಟಿದವಳಲ್ಲ. ಬಳಸಿದವರು ಅನುಭವ ಹೇಳಿ.

ಉತ್ತರ 1: ಲಿನಕ್ಸ್ ಮಿಂಟ್ ಹಾಕಿ, ಅದರಲ್ಲೂ ಎಕ್ಸ್ಎಫ್‌ಸಿಇ ಅನ್ನುವ ಹಗುರ ಆವೃತ್ತಿ. ನಮ್ಮ ಅಕ್ಕನ ಲ್ಯಾಪ್‌ಟಾಪ್ ಹೆಚ್ಚುಕಮ್ಮಿ ಇದೇ ಥರದ್ದು, ಅದರಲ್ಲಿ ಚೆನ್ನಾಗಿ ಓಡುತ್ತಿದೆ. ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, ಆರಾಮಾಗಿ ಕೆಲಸ ಮಾಡಲು 4 ಜಿಬಿ. ಮೆನು ಕೆಳಗೆ ಎಡಮೂಲೆಯಲ್ಲಿ, ಗಡಿಯಾರ ಬಲಕ್ಕೆ. ವಿಂಡೋಸ್ ಬಳಸಿದವರ ಕೈ ತಡವರಿಸುವುದಿಲ್ಲ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮಿಂಟ್ 22ಕ್ಕೆ 2029ರ ಏಪ್ರಿಲ್‌ವರೆಗೂ ಅಪ್‌ಡೇಟ್ ಇದೆ.

ಲುಬುಂಟು ಅನ್ನುವ ಇನ್ನೊಂದು ಲಿನಕ್ಸ್ ಇನ್ನೂ ಹಗುರ ಅಂತ ಯಾರಾದರೂ ಹೇಳಬಹುದು. ನಿಜವೇ. ಆದರೆ 4 ಜಿಬಿ ಇದ್ದಾಗ ಆ ವ್ಯತ್ಯಾಸ ದೊಡ್ಡದಲ್ಲ. ರ‍್ಯಾಮ್ ಜಾಸ್ತಿ ತಿನ್ನುವುದು ಬ್ರೌಸರ್. ಯಾವ ಲಿನಕ್ಸ್ ಹಾಕಿದರೂ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ನಿಧಾನವೇ. ಇದನ್ನು ಮೊದಲೇ ಹೇಳಿಬಿಡಿ.

ನನ್ನ ಪ್ರಕಾರ ಟೀಚರ್‌ಗೆ ಲಿನಕ್ಸ್ ಒಗ್ಗುತ್ತದೋ ಇಲ್ಲವೋ ಅನ್ನುವುದು ಕನ್ನಡ ಟೈಪಿಂಗ್ ಮೇಲೆ ನಿಂತಿದೆ. ಅದನ್ನು ಸಿದ್ಧ ಮಾಡಿಯೇ ಲ್ಯಾಪ್‌ಟಾಪ್ ಕೈಗೆ ಕೊಡಿ. ಮಿಂಟ್‌ನಲ್ಲಿ ‘ಇನ್‌ಪುಟ್ ಮೆಥಡ್’ ಅನ್ನುವ ಸಾಧನದಿಂದ ಐಬಸ್ (ಬೇರೆ ಭಾಷೆಯಲ್ಲಿ ಟೈಪ್ ಮಾಡಲು ಬಿಡುವ ತಂತ್ರಾಂಶ) ಹಾಕಿಕೊಳ್ಳಿ, ಜೊತೆಗೆ ಕನ್ನಡ ಕೀಲಿಮಣೆಗಳಿರುವ ಎಂ17ಎನ್ ಪ್ಯಾಕೇಜ್. ಆಮೇಲೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಆರಿಸಿ. ಕಗಪ ಅಂತೀವಲ್ಲ, ನುಡಿಯ ಅದೇ ಕೀಲಿಮಣೆ ವಿನ್ಯಾಸ. ನುಡಿಯಲ್ಲಿ ಪಳಗಿದ ಬೆರಳು ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ಗುಬ್ಬಿ, ನವಿಲು ಫಾಂಟ್‌ಗಳೂ ಉಚಿತವಾಗಿ ಸಿಗುತ್ತವೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಆದರೆ ಹಳೆಯ ಫೈಲ್‌ಗಳ ಬಗ್ಗೆ ಹುಷಾರು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲ. ಲಿನಕ್ಸ್‌ನಲ್ಲಿ ವರ್ಡ್ ಬದಲು ಬಳಸುವ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ನಮ್ಮ ಶಾಲೆಯಲ್ಲಿ ಇದನ್ನು ನೋಡಿ ಎಲ್ಲರೂ ಗಾಬರಿಯಾಗಿದ್ದರು. ಫೈಲ್ ಏನೂ ಹಾಳಾಗಿರುವುದಿಲ್ಲ. ನುಡಿ ಫಾಂಟ್ ಲಿನಕ್ಸ್‌ಗೂ ಹಾಕಿದರೆ ಓದಬಹುದು. ತಿದ್ದಿ ಮತ್ತೆ ಬಳಸಬೇಕಾದರೆ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಎಲ್ಲವನ್ನೂ ಬದಲಿಸುತ್ತಾ ಕೂರಬೇಡಿ. ಈ ವರ್ಷ ಬೇಕಾದ ಪತ್ರಿಕೆಗಳಷ್ಟೇ ಸಾಕು. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ.

ಉತ್ತರ 3: ದುಡ್ಡು ಸ್ವಲ್ಪ ಹೊಂದಿಸಲು ಆದರೆ ಹಾರ್ಡ್ ಡಿಸ್ಕ್ ತೆಗೆಸಿ 2.5 ಇಂಚಿನ ಸಾಟಾ ಎಸ್ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಆನ್ ಆಗುವಾಗಿನ ಆ ಕಾಯುವಿಕೆಗೆ ಮುಖ್ಯ ಕಾರಣ ತಿರುಗುವ ಡಿಸ್ಕ್. ಲಿನಕ್ಸ್ ಒಂದರಿಂದಲೇ ಅದು ಪೂರ್ತಿ ಹೋಗುವುದಿಲ್ಲ. ಹಳೆಯ ಡಿಸ್ಕ್ ಎಸೆಯಬೇಡಿ. ಯುಎಸ್‌ಬಿ ಕೇಸ್‌ನಲ್ಲಿ ಹಾಕಿಟ್ಟರೆ ಅವರ ಫೋಟೋ, ಫೈಲ್ ಎಲ್ಲಾ ಹಾಗೇ ಇರುತ್ತವೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಕುವ ಮೊದಲು ಅವಳಿಗೆ ಸುಮ್ನೆ ಒಮ್ಮೆ ತೋರಿಸಲು ಆಗುತ್ತದಾ?

ಉತ್ತರ 1: ಖಂಡಿತ ಆಗುತ್ತದೆ, ತೋರಿಸಲೇಬೇಕು ಕೂಡ. ಪೆನ್‌ಡ್ರೈವ್‌ಗೆ ರೂಫಸ್ ಅಥವಾ ವೆಂಟಾಯ್ ಅನ್ನುವ ಉಚಿತ ತಂತ್ರಾಂಶ ಬಳಸಿ ಮಿಂಟ್ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ತೆಗೆದುಕೊಳ್ಳಿ. ಅದರಿಂದಲೇ ಲ್ಯಾಪ್‌ಟಾಪ್ ಆನ್ ಮಾಡಿದರೆ ಡಿಸ್ಕ್ ಮುಟ್ಟದೆ ಎಲ್ಲ ನೋಡಬಹುದು. ವೈಫೈ, ಸೌಂಡ್, ಪರದೆಯ ಬೆಳಕು ಪರೀಕ್ಷಿಸಿ. ವೇಗವನ್ನು ಮಾತ್ರ ಆಗ ಅಳೆಯಬೇಡಿ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇದ್ದೇ ಇರುತ್ತದೆ. ವೈಫೈ ಕಾಣದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಮೊಬೈಲ್‌ನ ಇಂಟರ್ನೆಟ್ ಹಂಚಿಕೊಳ್ಳುವ ಆಯ್ಕೆ) ಆನ್ ಮಾಡಿ, ಆಮೇಲೆ ವೈಫೈಗೆ ಬೇಕಾದ ಡ್ರೈವರ್ ಹುಡುಕಲು ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆಯಿರಿ.

ಪ್ರಿಂಟರ್ ಅನ್ನೂ ಅದೇ ಹೊತ್ತಿಗೆ ಜೋಡಿಸಿ ಒಂದು ಹಾಳೆ ತೆಗೆದು ನೋಡಿ. ಎಚ್‌ಪಿಯ ಹೆಚ್ಚಿನ ಪ್ರಿಂಟರ್‌ಗಳಿಗೆ ಲಿನಕ್ಸ್‌ನಲ್ಲಿ ಡ್ರೈವರ್ ಇದೆ. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಮಾತ್ರ ತುಂಬಾ ಸತಾಯಿಸುತ್ತವೆ. ನಿಮ್ಮ ಗೆಳತಿಯದು ಯಾವ ಮಾಡೆಲ್ ಅಂತ ಇಲ್ಲೇ ಹಾಕಿ, ಡ್ರೈವರ್ ಹುಡುಕಲು ನಾನು ಸಹಾಯ ಮಾಡುತ್ತೇನೆ.