ಹೊನಲು ಬೆಳಕಿನ ಪಂದ್ಯಾಟ: ಹವಾಮಾನದ ವಿಷಯದಲ್ಲಿ ಸಣ್ಣ ಕ್ಲಬ್‌ನವರು ಏನು ಮಾಡಬಹುದು?

ಕಾರ್ಯದರ್ಶಿ, ಕುಂದಾಪುರ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಯುವಕ ಮಂಡಲದ್ದು ಪ್ರತಿ ಬೇಸಗೆಯಲ್ಲೂ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ಇರುತ್ತದೆ. ಕೊಯ್ಲಾದ ಗದ್ದೆಯೇ ಅಂಕಣ. ಮೊದಲೆಲ್ಲ ಸಂಜೆ ಐದಕ್ಕೇ ಶುರು ಮಾಡುತ್ತಿದ್ದೆವು. ಈಗಿನ ಸೆಕೆಗೆ ಏಳರ ಮೊದಲು ಯಾರೂ ಅಂಕಣಕ್ಕೆ ಇಳಿಯುವುದಿಲ್ಲ. ಫೈನಲ್ ಮುಗಿಯುವಾಗ ಬೆಳಗಿನ ಜಾವ.

ಈ ಸಲದ ಮೀಟಿಂಗಿನಲ್ಲಿ "ಪರಿಸರದ ಬಗ್ಗೆಯೂ ಏನಾದರೂ ಮಾಡುವ" ಅಂದೆ. ಅಧ್ಯಕ್ಷರು ಕೂಡಲೇ, "ಆಯ್ತು, ಉದ್ಘಾಟಕರ ಕೈಯಲ್ಲಿ ಒಂದು ಗಿಡ ನೆಡಿಸುವ" ಅಂದರು. ಹೋದ ವರ್ಷ ನೆಟ್ಟದ್ದನ್ನು ದನ ತಿಂದು ಮುಗಿಸಿದೆ ಮಾರಾಯ್ರೆ. ಇನ್ನೊಬ್ಬರು, "ಅದೆಲ್ಲ ಐಪಿಎಲ್‌ನವರು, ಒಲಿಂಪಿಕ್ಸ್‌ನವರು ಮಾಡುವ ಕೆಲಸ" ಅಂದರು.

ನನ್ನ ಪ್ರಶ್ನೆ ಇಷ್ಟೇ. ಲೋಟ, ಫ್ಲೆಕ್ಸ್, ಜನರೇಟರ್, ತಂಡಗಳ ಟೆಂಪೋ, ಇದರಲ್ಲಿ ನಿಜವಾದ ಹೊರೆ ಯಾವುದು? ಗಿಡ ನೆಡಿ ಅಂತ ಮಾತ್ರ ಹೇಳಬೇಡಿ.

ಬೆಂಗಳೂರು ಈಸ್ಟ್ ಸ್ಟ್ಯಾಂಡ್

ಐಪಿಎಲ್‌ನವರು ಮಾಡಲಿ ಅಂದವರಿಗೆ ಎರಡು ವಿಷಯ ಹೇಳಿ. ಚಿನ್ನಸ್ವಾಮಿಯಲ್ಲಿ 2015ರಲ್ಲೇ ಛಾವಣಿ ಮೇಲೆ 400 ಕಿಲೋವ್ಯಾಟ್ ಸೋಲಾರ್ ಹಾಕಿದ್ದಾರೆ. 2024ರ ಬೇಸಿಗೆಯಲ್ಲಿ ನಗರಕ್ಕೆ ನೀರಿಲ್ಲದೆ ಒದ್ದಾಡುವಾಗ ಜಲಮಂಡಳಿ ಕಬ್ಬನ್ ಪಾರ್ಕ್ ಘಟಕದಿಂದ ಸ್ಟೇಡಿಯಂಗೆ ಶುದ್ಧೀಕರಿಸಿದ ಕೊಳಚೆ ನೀರು ಕೊಟ್ಟಿತು. ಪಂದ್ಯಗಳ ಸಮಯದಲ್ಲಿ ದಿನಕ್ಕೆ 75 ಸಾವಿರ ಲೀಟರ್. ಕುಡಿಯುವ ನೀರನ್ನು ಹುಲ್ಲಿಗೆ ಹಾಯಿಸಿದ್ದರೆ ಜನ ಸುಮ್ನೆ ಬಿಡ್ತಿದ್ರಾ?

2016 ನೆನಪಿದೆಯಾ? ಮಹಾರಾಷ್ಟ್ರದಲ್ಲಿ ಬರ. ಏಪ್ರಿಲ್ 30ರ ನಂತರದ ಪಂದ್ಯಗಳನ್ನು ರಾಜ್ಯದ ಹೊರಗೆ ಆಡಿ ಅಂತ ಬಾಂಬೆ ಹೈಕೋರ್ಟ್ ಹೇಳಿತು. ಮುಂಬೈನಲ್ಲಿ ಆಗಬೇಕಿದ್ದ ಫೈನಲ್ ನಮ್ಮಲ್ಲಿಗೆ ಬಂದದ್ದು ಹಾಗೆ. ಆಮೇಲೆ ಏನಾಯ್ತು ಅಂತ ನಾನು ಹೇಳಲ್ಲ, ಆರ್‌ಸಿಬಿಯವರಿಗೆಲ್ಲ ಗೊತ್ತು.

ನಮ್ಮ ಹಸಿರು ಜೆರ್ಸಿ ಬಗ್ಗೆ ಮಾತ್ರ ನನಗೆ ಅಷ್ಟೇನೂ ಅಭಿಮಾನ ಇಲ್ಲ. ವರ್ಷಕ್ಕೊಂದು ಪಂದ್ಯ ಹಸಿರು, ಉಳಿದದ್ದಕ್ಕೆ ನೂರಾರು ಕಿಲೋಮೀಟರ್ ವಿಮಾನ.

ಶಿರಸಿ ಲೈಟ್ಸ್ & ಸೌಂಡ್ಸ್

ನಾನು ಲೈಟು, ಜನರೇಟರ್ ಬಾಡಿಗೆಗೆ ಕೊಡುವವನು. ನನ್ನ ಹೊಟ್ಟೆಪಾಡಿಗೇ ಕಲ್ಲು ಹಾಕಿಕೊಳ್ಳುವ ಮಾತು, ಆದರೂ ಹೇಳ್ತೇನೆ.

ನಿಮ್ಮ ಜಾಗದಲ್ಲೇ ನಡೆಯುವ ಕೆಲಸಗಳಲ್ಲಿ ದೊಡ್ಡದು ಜನರೇಟರ್. ಕಮಿಟಿಯವರು ಬಂದು "ದೊಡ್ಡದೇ ಬೇಕು" ಅಂತಾರೆ. ಪ್ರತಿಷ್ಠೆ. ಇಡೀ ರಾತ್ರಿ ಅದು ಕಾಲು ಭಾಗ ಲೋಡಿನಲ್ಲಿ ಗುರ್ ಅಂತ ಓಡ್ತದೆ. ಲೋಡ್ ಕಡಿಮೆ ಇದ್ದಷ್ಟೂ ಯೂನಿಟ್ಟಿಗೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಹೊಗೆಯೂ ಜಾಸ್ತಿ. ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ರಾತ್ರಿಗೆ ಐವತ್ತು ಲೀಟರ್ ಅಂದರೆ 135 ಕೆಜಿ. ಕಾಗದದ ಲೋಟದ ಲೆಕ್ಕ ಇದರ ಹತ್ತಿರಕ್ಕೂ ಬರಲ್ಲ.

ಕರೆಂಟ್ ಇರುವಾಗಲೂ ಜನರೇಟರ್ ಯಾಕೆ ಓಡಿಸ್ತಾರೆ ಗೊತ್ತಾ? ಹಳೇ ಮೆಟಲ್ ಹಾಲೈಡ್ ಫೋಕಸ್ ಲೈಟಿನಿಂದಾಗಿ. ಅರೆಕ್ಷಣ ಕರೆಂಟ್ ಹೋದರೂ ಅದು ಆರುತ್ತದೆ. ಬಲ್ಬ್ ತಣ್ಣಗಾಗುವ ತನಕ ಮತ್ತೆ ಹೊತ್ತಲ್ಲ. ಹತ್ತು ಹದಿನೈದು ನಿಮಿಷ ಕತ್ತಲು. ಸೆಮಿಫೈನಲ್‌ನಲ್ಲಿ 23-23 ಇದ್ದಾಗ ಹಾಗಾದರೆ ನನ್ನ ವೈರುಗಳನ್ನೇ ಕಿತ್ತು ನನಗೇ ಹೊಡೀತಾರೆ. ಆ ಹೆದರಿಕೆಗೆ ನಾವು ಮೊದಲಿಂದಲೇ ಜನರೇಟರ್ ಮೇಲೆ ಇಡುವುದು.

ಎಲ್ಇಡಿಗೆ ಆ ಕಾಟ ಇಲ್ಲ, ಸ್ವಿಚ್ ಒತ್ತಿದ ಕೂಡಲೇ ಬೆಳಕು. 1000 ವ್ಯಾಟಿನ ಹಳೇ ಲೈಟಿನ ಜಾಗಕ್ಕೆ 400 ವ್ಯಾಟಿನದು ಸಾಕು. ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತಗೊಳ್ಳಿ. ಕಂಬಕ್ಕೆ ಕೊಕ್ಕೆ ಹಾಕುವುದು ಬೇಡ, ದಯವಿಟ್ಟು! ಸಣ್ಣ ಜನರೇಟರ್ ಒಂದನ್ನು ಸುಮ್ನೆ ನಿಲ್ಲಿಸಿ ಇಡಿ. ಕರೆಂಟ್ ಹೋದರೆ ಮಾತ್ರ ಶುರು ಮಾಡಿದರಾಯ್ತು. ಕರೆಂಟ್ ಅಂದರೆ ಬರೀ ಕಲ್ಲಿದ್ದಲು ಅಲ್ಲ. ನೀರಿನಿಂದ ಕರೆಂಟ್ ತೆಗೆಯುವ ವಾರಾಹಿ ಪವರ್‌ಹೌಸ್ ನಿಮ್ಮ ಹೊಸಂಗಡಿಯಲ್ಲೇ ಇದೆ ಅಲ್ವಾ?

ಇನ್ನೊಂದು. ರಸ್ತೆಯುದ್ದಕ್ಕೂ ಸೀರಿಯಲ್ ಸೆಟ್ ಬೇಕಾ? ಊರಿನವರಿಗೆ ದಾರಿ ಗೊತ್ತಿದೆ.

ಪೀಟಿ ಮಾಸ್ತರ್, ರಾಯಚೂರು

ನಿಮ್ಮ ಸೆಕೆ ಬೇರೆ, ನಮ್ಮ ಬಿಸಿಲು ಬೇರೆ. ಇಲ್ಲಿ ಏಪ್ರಿಲ್‌ನಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ಮಕ್ಕಳನ್ನು ಟ್ರ್ಯಾಕಿಗೆ ಇಳಿಸೋದೇ ತಪ್ಪು. ಬೇಸಿಗೆ ಶಿಬಿರ ಆರಕ್ಕೆ ಶುರು, ಎಂಟೂವರೆಗೆ ಬಂದ್. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬಿಸಿಲಿಗೆ ಹೆದರಿ ಮ್ಯಾರಥಾನನ್ನೇ ದೂರದ ಸಪ್ಪೊರೊಗೆ ಒಯ್ದರು. ಅಷ್ಟು ದುಡ್ಡಿದ್ದವರೇ ಜಾಗ ಬದಲಿಸಿದರು, ನೀವು ತಿಂಗಳು ಬದಲಿಸ್ರಿ. ಡಿಸೆಂಬರ್, ಜನವರಿಯಲ್ಲಿ ಸಂಜೆ ನಾಲ್ಕಕ್ಕೆ ಶುರು ಮಾಡಿದರೆ ಅರ್ಧ ಪಂದ್ಯ ಸೂರ್ಯನ ಬೆಳಕಲ್ಲೇ ಮುಗೀತಾವ. ಬಾಡಿಗೆ ಲೈಟಿನವರು ಸಿಟ್ಟಾಗಬಾರದು.

ಬ್ರಿಸ್ಟಲ್‌ನಿಂದ ವೀಣಾ

ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ನೈಲ್ಸ್‌ವರ್ತ್ ಎಂಬ ಪುಟ್ಟ ಊರಲ್ಲಿ ಫಾರೆಸ್ಟ್ ಗ್ರೀನ್ ರೋವರ್ಸ್ ಅಂತ ಫುಟ್‌ಬಾಲ್ ಕ್ಲಬ್ ಇದೆ. 2015ರಿಂದ ಮೈದಾನದಲ್ಲಿ ಮಾಂಸ, ಹಾಲು ಯಾವುದೂ ಇಲ್ಲ. ಹುಲ್ಲಿಗೆ ರಾಸಾಯನಿಕ ಹಾಕಲ್ಲ. ಇಂಗಾಲದ ಲೆಕ್ಕ ಸರಿದೂಗಿಸಿದ್ದಕ್ಕೆ 2018ರಲ್ಲಿ ವಿಶ್ವಸಂಸ್ಥೆಯ ಪ್ರಮಾಣಪತ್ರವೂ ಸಿಕ್ಕಿತು. ನಮ್ಮವರು ಮೊದಲ ಸಲ ಹೋದಾಗ ಪೈಯಲ್ಲಿ ಚಿಕನ್ ಇಲ್ಲ ಅಂತ ಗೊಣಗಿದರು. ಎರಡನೇದೂ ತಗೊಂಡು ತಿಂದರು.

ಆದರೆ ಅಂಥ ಕಡೆಯೂ ಬಗೆಹರಿಯದ್ದು ಜನರ ಓಡಾಟ. ದೊಡ್ಡ ಕ್ರೀಡಾಕೂಟಗಳ ಲೆಕ್ಕದಲ್ಲಿ ಹೆಚ್ಚಾಗಿ ಸಿಂಹಪಾಲು ಪ್ರೇಕ್ಷಕರ ಪ್ರಯಾಣದ್ದೇ. ನಿಮ್ಮಲ್ಲಿ ನಡೆದು ಬರುವವರೇ ಜಾಸ್ತಿ ಇರಬೇಕು, ಆ ಮಟ್ಟಿಗೆ ನೀವು ಇವರಿಗಿಂತ ಮುಂದೆ.

ಕಾರ್ಯದರ್ಶಿ, ಕುಂದಾಪುರ ಕಡೆ

ಎಲ್ಲರಿಗೂ ಥ್ಯಾಂಕ್ಸ್. ಮಾಸ್ತರ್ರೆ, ಡಿಸೆಂಬರಿನಲ್ಲಿ ಆಗುವುದಿಲ್ಲ. ಆಗ ಗದ್ದೆಯಲ್ಲಿ ಉದ್ದು ಹಾಕಿರುತ್ತಾರೆ, ನಮ್ಮ ಅರ್ಧ ಆಟಗಾರರು ಬೆಂಗಳೂರಿನ ಹೋಟೆಲುಗಳಲ್ಲಿರುತ್ತಾರೆ. ರಜೆ ಸಿಗುವುದೇ ಬೇಸಗೆಗೆ.

ವೀಣಕ್ಕ, ಪ್ರೇಕ್ಷಕರು ನಡೆದು ಬರುತ್ತಾರೆ ಸರಿ. ತಂಡಗಳು ಭಟ್ಕಳ, ಮಂಗಳೂರಿಂದ ಬರುತ್ತವೆ, ಸೋತವರು ರಾತ್ರಿಯೇ ವಾಪಸ್. ಡ್ರಾ ಹಾಕುವಾಗ ಒಂದೇ ಕಡೆಯವರಿಗೆ ಒಂದೇ ಹೊತ್ತಿನ ಪಂದ್ಯ ಕೊಟ್ಟರೆ ಒಂದೇ ಟೆಂಪೋದಲ್ಲಿ ಬರಬಹುದು. ಎದುರಾಳಿಗಳು ಒಟ್ಟಿಗೆ ಕೂತು ಬರುತ್ತಾರಾ ಅನ್ನುವುದೇ ಪ್ರಶ್ನೆ. ಫ್ಲೆಕ್ಸ್ ಈ ಸಲ ಇಲ್ಲ, ಬಟ್ಟೆಯ ಬ್ಯಾನರ್. ರಾಜ್ಯದಲ್ಲಿ 2016ರಲ್ಲೇ ನಿಷೇಧವಾದದ್ದನ್ನು ನಾವು ಇಷ್ಟು ದಿನ ಕಟ್ಟಿದ್ದೇ ಜಾಸ್ತಿ.

ಶಿರಸಿಯವರೆ, ನಿಮ್ಮ ಎಲ್ಇಡಿ ಒಂದು ಅಂಕಣಕ್ಕೆ ಎಷ್ಟು ಬೇಕು? ಬಾಡಿಗೆ ಎಷ್ಟು?

ಶಿರಸಿ ಲೈಟ್ಸ್ & ಸೌಂಡ್ಸ್

ನಾಲ್ಕು ಕಂಬ, ಕಂಬಕ್ಕೆ ಎರಡು. ಬಾಡಿಗೆ ಫೋನಲ್ಲಿ ಮಾತಾಡುವ. ಆದರೆ ಶಿರಸಿಯಿಂದ ಘಟ್ಟ ಇಳಿಸಿ ತರುವ ಡೀಸೆಲ್ ಯಾರ ಲೆಕ್ಕಕ್ಕೆ ಬರೆಯುವುದು? ಕುಂದಾಪುರದಲ್ಲೇ ಯಾರ ಹತ್ತಿರವಾದರೂ ಇದೆಯಾ ಕೇಳಿ ಮೊದಲು.