ಕರೆಂಟ್ ಹೋಗಿ ಬಂದ್ರ ಗಡಿಯಾರ 2010ಕ್ಕ ಹೋಗ್ತೈತಿ, ಎನ್‌ಟಿಪಿ ಸಿಂಕ್ ಆಗವಲ್ದು (ಫ್ರೀಬಿಎಸ್‌ಡಿ)

ಕಾಟಾಮನಿ_ಮುಧೋಳ:
ನಮಸ್ಕಾರ್ರೀ ಎಲ್ಲಾರಿಗೂ. ಮುಧೋಳ ಹತ್ರ ನಮ್ಮ ಕಾಕಾಂದು ಕಬ್ಬಿನ ಟ್ರ್ಯಾಕ್ಟರ್ ತೂಗು ಕಾಟಾ ಐತಿ, ಅಲ್ಲಿ ಒಂದು ಹಳೇ ಡೆಸ್ಕ್‌ಟಾಪಿಗೆ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ ಹಾಕಿ ಕಾಟಾದ ಸೀರಿಯಲ್ ಕೇಬಲ್ಲಿಂದ ತೂಕ ಓದಿ ಚೀಟಿ ಪ್ರಿಂಟ್ ಮಾಡು ಪೈಥಾನ್ ಸ್ಕ್ರಿಪ್ಟ್ ನಾನ ಬರದೀನಿ. ಯುಪಿಎಸ್ ಸತ್ತು ವರ್ಷ ಆತು, ಹೇಳಿದ್ರ ಮುಂದಿನ ಸೀಜನ್ನಿಗೆ ನೋಡೂಣು ಅಂತಾನ ಕಾಕಾ. ಕರೆಂಟ್ ಹೋಗಿ ಬಂತಂದ್ರ ತಾರೀಖು 2010 ಜನವರಿ 1. ನಿನ್ನೆ ಒಬ್ಬ ರೈತ ಚೀಟಿ ತಂದು ಮಾರಿ ಮುಂದ ಹಿಡದು "ತಮ್ಮಾ, ಈ ತಾರೀಖಿಗೆ ನಂದಿನ್ನೂ ಲಗ್ನ ಆಗಿರಲಿಲ್ಲ, ಟ್ರ್ಯಾಕ್ಟರ್ ಎಲ್ಲಿಂದ ಬಂತು" ಅಂದ.

ಸಿಸ್ಟಮ್ಮಿನ ಸೆಟ್ಟಿಂಗ್ ಫೈಲ್ ಆರ್‌ಸಿ ಡಾಟ್ ಕಾನ್ಫ್‌ನ್ಯಾಗ ಎನ್‌ಟಿಪಿಡಿ (ಇಂಟರ್ನೆಟ್ಟಿನ ಟೈಮ್ ಸರ್ವರ್ ಕೇಳಿ ಗಡಿಯಾರ ಸರಿ ಮಾಡು ಪ್ರೋಗ್ರಾಮ್) ಎನೇಬಲ್ ಯೆಸ್ ಐತಿ. ಎನ್‌ಟಿಪಿಕ್ಯೂ ಹೈಫನ್ ಪಿ ಹೊಡದ್ರ ಪೂಲ್ (ಟೈಮ್ ಸರ್ವರ್‌ಗಳ ಗುಂಪು) ಹೆಸರಿನ ಸಾಲು ಕಾಣ್ತೈತಿ, ಸ್ಟ್ರಾಟಮ್ 16 (ಅಂದ್ರ ಸಿಂಕ್ ಆಗಿಲ್ಲ), ರೀಚ್ 0, ಅರ್ಧಾ ತಾಸು ಕುಂತು ನೋಡಿದ್ರೂ ಅಷ್ಟ. ಆದ್ರ ಕೈಯಾರೆ ಡೇಟ್ ಕಮಾಂಡ್ ಕೊಟ್ಟು ಎನ್‌ಟಿಪಿಡಿ ರೀಸ್ಟಾರ್ಟ್ ಮಾಡಿದ್ರ ಐದ ನಿಮಿಷದಾಗ ಚಂದಂಗ ಸಿಂಕ್ ಆಗ್ತೈತಿ. ಏನ್ ತಪ್ಪೈತಿ ಹೇಳ್ರಿ. ಮೊಬೈಲ್‌ನ್ಯಾಗ ಕನ್ನಡ ಕೀಬೋರ್ಡ್ ಅಷ್ಟ ಐತಿ, ಕಮಾಂಡ್ ಬಾಯಿಲೆ ಹೇಳಿದಂಗ ಬರದೀನಿ, ಹೊಂದಿಸ್ಕೊಂಡು ಓದ್ರಿ.

ಖಡೇಬಜಾರ್_ಶೆಲ್:
ರೀಚ್ 0 ಅಂದ್ರ ಒಂದೂ ಉತ್ತರ ಬಂದಿಲ್ಲ ಅಂತ. ರೌಟರ್‌ದಾಗ ಎನ್‌ಟಿಪಿ ಹಾಯು ಯುಡಿಪಿ 123 ಪೋರ್ಟ್ ಬಂದ್ ಇರಬೇಕ್ರಿ, ನಮ್ಮ ಬೆಳಗಾವಿ ಆಫೀಸಿನ್ಯಾಗೂ ಹಿಂಗ ಆಗಿತ್ತು.

ಗುಮ್ಮಟ_ರೂಟ್:
ಪೋರ್ಟ್ ಬಂದ್ ಇದ್ರ ಕೈಯಾರೆ ತಾರೀಖ ಹಾಕಿದ ಮ್ಯಾಲೂ ಸಿಂಕ್ ಆಗಬಾರದಿತ್ತಲ್ರೀ ಅಣ್ಣಾರ. ಅದು ಆಗ್ಲಾಕತ್ತದ ಅಂದಮ್ಯಾಲ ದಾರಿ ಚಲೋನೇ ಅದ. ತಾರೀಖ ತಪ್ಪಿದ್ದಾಗ ಅಷ್ಟ ಕೆಡೂದು ಏನದ ಅದನ್ನ ಹುಡಕಬೇಕು.

ತಮ್ಮಾ, ನೀ ಲೋಕಲ್ ಅನ್‌ಬೌಂಡ್ (ಮಷಿನ್‌ದಾಗ ಕುಂತು ಹೆಸರಿಗೆ ಐಪಿ ಅಡ್ರೆಸ್ ಹುಡುಕಿ ಕೊಡೂ ಡಿಎನ್‌ಎಸ್ ಪ್ರೋಗ್ರಾಮ್) ಏನರ ಚಾಲೂ ಇಟ್ಟೀಯೇನು? ಮಷಿನ್ 2010ರಾಗ ಇದ್ದಾಗ ಡ್ರಿಲ್ ಕಮಾಂಡಿಗೆ ಪೂಲ್ ಹೆಸರು ಕೊಟ್ಟು ನೋಡು, ಆಮ್ಯಾಲ ಅದೇ ಹೆಸರನ್ನ ಹೊರಗಿನ ಡಿಎನ್‌ಎಸ್‌ಗೆ, ಅಂದ್ರ ಆಟ್ 8.8.8.8 ಅಂತ ಹಾಕಿ ಕೇಳು. ಎರಡೂ ಏನ್ ಬಂತು ಇಲ್ಲಿ ಬರಿ.

ಕಾಟಾಮನಿ_ಮುಧೋಳ:
ಹೌದ್ರೀ ಸರ, ಇನ್‌ಸ್ಟಾಲ್ ಮಾಡುಮುಂದ ಲೋಕಲ್ ಅನ್‌ಬೌಂಡಿಗೆ ಟಿಕ್ ಹಾಕಿದ್ದೆ. ಸುಮ್ನ ಡ್ರಿಲ್ ಮಾಡಿದ್ರ ಸರ್ವ್‌ಫೇಲ್, ಅಂದ್ರ ಅಡ್ರೆಸ್ಸ ಸಿಗವಲ್ದು. 8.8.8.8 ಕೇಳಿದ್ರ ನಾಕು ಐಪಿ ಅಡ್ರೆಸ್ ಬಂದ್ವು!!

ಗುಮ್ಮಟ_ರೂಟ್:
ಸಿಕ್ಕಿತು ನೋಡು. ಹುಚ್ಚ ಬಿಡೂತನಕ ಮದುವಿ ಆಗೂದಿಲ್ಲ, ಮದುವಿ ಆಗೂತನಕ ಹುಚ್ಚ ಬಿಡೂದಿಲ್ಲ ಅಂತಾರಲ್ಲ, ಅದೇ ಕಥಿ. ಅನ್‌ಬೌಂಡ್ ಡಿಎನ್‌ಎಸ್‌ಸೆಕ್ ಸಹಿ (ಡಿಎನ್‌ಎಸ್ ಉತ್ತರ ಖರೇ ಅನ್ನೂ ಡಿಜಿಟಲ್ ಗುರುತು) ತಪಾಸ್ ಮಾಡ್ತದ, ಪ್ರತಿ ಸಹಿಗೂ ಇಂಥ ತಾರೀಖಿನಿಂದ ಇಂಥ ತಾರೀಖಿನ ತನಕ ಅಂತ ಅವಧಿ ಇರ್ತದ, ನಿನ್ನ ಮಷಿನ್ 2010ರಾಗ ಕುಂತು ನೋಡಿದ್ರ ಆ ಸಹಿ ಇನ್ನೂ ಹದಿನೈದು ವರ್ಷ ಮುಂದಿಂದು, ಹಿಂಗಾಗಿ ಖೊಟ್ಟಿ ಅಂತ ಒಗೀತದ. ಹೆಸರಿಗೆ ಅಡ್ರೆಸ್ ಸಿಗೂದಿಲ್ಲ, ಅಡ್ರೆಸ್ ಇಲ್ದ ಎನ್‌ಟಿಪಿಡಿ ಯಾರನ್ನ ಟೈಮ್ ಕೇಳಬೇಕು? ಟೈಮ್ ಸಿಗದ ಸಹಿ ಸರಿ ಕಾಣೂದಿಲ್ಲ. ಮಜಾ ಅಂದ್ರ ನಿನ್ನ ಮಷಿನ್ ಇರೂ ತಾರೀಖಿಗೆ ಡಿಎನ್‌ಎಸ್ ರೂಟಿಗೇ, ಅಂದ್ರ ಎಲ್ಲಾ ಹೆಸರಿನ ಬುಡಕ್ಕೇ, ಸಹಿ ಬಿದ್ದಿರಲಿಲ್ಲ, ಬಿದ್ದದ್ದು 2010ರ ಜುಲೈದಾಗ.

ಅನ್‌ಬೌಂಡ್‌ದ ಕಾನ್ಫ್ ಡಾಟ್ ಡಿ ಫೋಲ್ಡರ್ ವಾರ್ (ವಿ ಎ ಆರ್) ಕೆಳಗ ಅದ, ಅದರಾಗ ಡಾಟ್ ಕಾನ್ಫ್ ಅಂತ ಮುಗಿಯೂ ಹೊಸಾ ಫೈಲ್ ಮಾಡು. ಮೊದಲ ಸಾಲು ಸರ್ವರ್, ಕೋಲನ್. ಎರಡನೇ ಸಾಲಿಗೆ ಡೊಮೇನ್ ಹೈಫನ್ ಇನ್‌ಸೆಕ್ಯೂರ್, ಕೋಲನ್, ಕೋಟ್ಸ್‌ದಾಗ ಪೂಲ್ ಡಾಟ್ ಎನ್‌ಟಿಪಿ ಡಾಟ್ ಆರ್ಗ್. ಇದರ ಕೆಳಗಿನ ಹೆಸರುಗಳಿಗೆ ಅಷ್ಟ ತಪಾಸ್ ಬಿಡ್ತದ. ಸಿಟ್ಟಿಗೆದ್ದು ಪೂರಾ ಡಿಎನ್‌ಎಸ್‌ಸೆಕ್ ಬಂದ್ ಮಾಡಬ್ಯಾಡ ಮತ್ತ.

ಕಾಟಾಮನಿ_ಮುಧೋಳ:
ಸರ ಮಾಡಿದೆ, ಅಡ್ರೆಸ್ ಬಂದ್ವು, ರೀಚ್ ಏರಾಕ ಹತ್ತಿತು, ಖುಷಿಲೆ ಚಾ ಕುಡ್ಯಾಕ ಹೋಗಿ ಬಂದು ನೋಡಿದ್ರ ಎನ್‌ಟಿಪಿಡಿನ ಸತ್ತೈತಿ! ಲಾಗ್‌ನ್ಯಾಗ ಸ್ಯಾನಿಟಿ ಲಿಮಿಟ್ 1000 ದಾಟೈತಿ, ಕೈಯಾರೆ ಟೈಮ್ ಹಾಕು ಅಂತ ಬರದೈತಿ.

ಗುಮ್ಮಟ_ರೂಟ್:
ಅದು ಸತ್ತಿಲ್ಲ, ತಾನೇ ಬಿಟ್ಟು ಹೋಗ್ಯಾದ. 1000 ಸೆಕೆಂಡಿಗಿಂತ ಜಾಸ್ತಿ ಫರಕ್ ಕಂಡ್ರ, ಇಲ್ಲೇನೋ ದೊಡ್ಡ ಗೋಂಧಳ ಅದ, ನಾ ಕೈ ಹಚ್ಚೂದಿಲ್ಲ ಅಂತ ಎನ್‌ಟಿಪಿಡಿ ಹೊರಗ ಬೀಳ್ತದ. ಆರ್‌ಸಿ ಡಾಟ್ ಕಾನ್ಫ್‌ದಾಗ ಎನ್‌ಟಿಪಿಡಿ ಸಿಂಕ್ ಆನ್ ಸ್ಟಾರ್ಟ್ ಅಂತ, ಪದಗಳ ನಡುವ ಅಂಡರ್‌ಸ್ಕೋರ್ ಹಾಕಿ, ಯೆಸ್ ಮಾಡು. ಶುರುವಿಗೆ ಒಂದ ಸಲ ಎಷ್ಟೇ ಫರಕ್ ಇದ್ರೂ ಜಿಗಿದು ಸರಿ ಮಾಡ್ತದ, ಆಮ್ಯಾಲ ಮತ್ತ 1000ದ ಕಾವಲು ಇದ್ದೇ ಇರ್ತದ.

ಖಡೇಬಜಾರ್_ಶೆಲ್:
ನಂದು ತಪ್ಪಾತ್ರಿ, ಪೋರ್ಟ್ ಅಲ್ಲ. ಅದಿರ್ಲಿ, ಮದರ್‌ಬೋರ್ಡ್ ಮ್ಯಾಲಿನ, ಕರೆಂಟ್ ಇಲ್ದಾಗ ಗಡಿಯಾರ ನಡಸು ಶೆಲ್ ಯಾಕ ಬದಲಿ ಮಾಡವಲ್ಲಿ? ಸಿಆರ್2032 ಅಂತ ಕೇಳು, ವಾಚ್ ರಿಪೇರಿ ಅಂಗಡ್ಯಾಗೂ ಸಿಗ್ತೈತಿ. ಇಷ್ಟೆಲ್ಲಾ ಸರ್ಕಸ್ಸು ಆ ನಾಣ್ಯದಷ್ಟು ಶೆಲ್ ಸತ್ತಿದ್ದಕ್ಕ.

ಗುಮ್ಮಟ_ರೂಟ್:
ಖರೇ ಮಾತು, ಎರಡೂ ಮಾಡು. ಶೆಲ್ ಮತ್ತ ಸಾಯ್ತದ, ಅದೂ ಸೀಜನ್ ನಡುವನೇ ಸಾಯ್ತದ. ಇನ್ನೊಂದು, ಸ್ಕ್ರಿಪ್ಟಿನ್ಯಾಗ ವರ್ಷ 2025ಕ್ಕಿಂತ ಕಡಿಮಿ ಇದ್ರ ಚೀಟಿ ಪ್ರಿಂಟ್ ಆಗದಂಗ ಒಂದು ಇಫ್ ಹಾಕಿ ಇಡು. ತಪ್ಪು ತಾರೀಖಿನ ಚೀಟಿಗಿಂತ ಎರಡ ನಿಮಿಷ ತಡದು ಕೊಡೂ ಚೀಟಿ ಚಲೋ.

ಕಾಟಾಮನಿ_ಮುಧೋಳ:
ಆತ್ರೀ ಸರ! ಶೆಲ್ ತಗದು ಮೀಟರ್ ಹಚ್ಚಿದ್ರ 3 ವೋಲ್ಟ್ ಇರಬೇಕಾದಲ್ಲಿ 0.8, ಕೆಳಗ ಹಸರ ಕಿಲುಬು ಬ್ಯಾರೆ ಹಿಡದಿತ್ತು, ಹಳೇ ಟೂತ್‌ಬ್ರಷ್‌ಲೆ ತಿಕ್ಕಿ ಹೊಸಾದು ಹಾಕೀನಿ. ಹಾಕೂಕಿಂತ ಮೊದಲ ಹಳೇ ಶೆಲ್ ಮ್ಯಾಲನ ಒಮ್ಮೆ ಪ್ಲಗ್ ಕಿತ್ತು ಟೆಸ್ಟ್ ಮಾಡಿದೆ, 2010ರಾಗ ಎದ್ದು ತಾನ ಸರಿ ಆತು. ಈಗ ಒಂದು ಸರ್ವರ್ ಮುಂದ ಸ್ಟಾರ್ ಐತಿ (ಅದರ ಟೈಮ್ ಹಿಡದೈತಿ ಅಂತ), ರೀಚ್ 377. ಇದು 400 ಯಾಕ ಆಗವಲ್ದು, ಒಂದೆರಡು ಉತ್ತರ ತಪ್ಪಾಕತ್ತಾವೇನ್ರಿ?

ಗುಮ್ಮಟ_ರೂಟ್:
377 ಆಕ್ಟಲ್ (0ದಿಂದ 7ರ ತನಕ ಅಷ್ಟ ಅಂಕಿ ಇರೂ) ಲೆಕ್ಕ, ಹಿಂದಿನ ಎಂಟು ಸಲ ಕೇಳಿದ್ದಕ್ಕ ಎಂಟೂ ಸಲ ಉತ್ತರ ಬಂದದ ಅಂತ. ಅದಕ್ಕಿಂತ ಮ್ಯಾಲ ಹೋಗೂದಿಲ್ಲ, ನಿಶ್ಚಿಂತಿಲೆ ಮಲ್ಕೋ.

ಕಾಟಾಮನಿ_ಮುಧೋಳ:
ಮಲಗೂದೆಲ್ರೀ ಸರ, ತಪ್ಪು ತಾರೀಖಿನ್ವು 23 ಚೀಟಿ ವಾಪಸ್ ಬಂದಾವ, ಎಲ್ಲಾಕ್ಕೂ ಪೆನ್ನಿಲೆ ತಾರೀಖ ತಿದ್ದಿ ಕಾಕಾನ ಸಹಿ ಹಾಕಸಾಕತ್ತೀನಿ.